ವಿಶ್ವವಿದ್ಯಾನಿಲಯ ಊರಿಗೆ ಬರಲಿ. ಬರುವಾಗ ಕನ್ನಡದಲ್ಲಿ ಬರಲಿ

ಕಲೋತ್ಸವದ ದಿನಗಳು ಸಮೀಪಿಸಿದಂತೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಚೆಂಡೆಯ ಸದ್ದು ಕೇಳತೊಡಗುತ್ತದೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡ ಕಂಠಪಾಠಕ್ಕೂ ಭಾಷಣಕ್ಕೂ ಅಲ್ಲಿ ಸ್ಥಾನವಿದೆ. 2019ರಲ್ಲಿ ರಾಜ್ಯ ಕಲೋತ್ಸವವೇ ನಮ್ಮ ಜಿಲ್ಲೆಯ ಕಾಞಂಗಾಡಿಗೆ ಬಂದಿತ್ತು. ಆದರೆ ವೇದಿಕೆಯೇರುವ ಮಕ್ಕಳ ಹಿಂದಿರುವ ಶ್ರಮ ಯಾರದು? ನಾಟ್ಯ ಕಲಿಸುವ ಗುರುಗಳನ್ನು ಹುಡುಕುವುದು, ಹಿಮ್ಮೇಳದವರನ್ನು ಒಪ್ಪಿಸುವುದು, ವೇಷಭೂಷಣವನ್ನು ಬಾಡಿಗೆಗೆ ತರುವುದು, ಇವೆಲ್ಲವೂ ಬಹುಪಾಲು ಹೆತ್ತವರ ಮತ್ತು ಶಿಕ್ಷಕರ ಹೆಗಲ ಮೇಲೆಯೇ ಬೀಳುತ್ತವೆ. ಇದೇ ಜಿಲ್ಲೆಯಲ್ಲಿ ಉನ್ನತ ವಿದ್ಯಾಸಂಸ್ಥೆಗಳಿರುವಾಗ, ಅವುಗಳಿಂದ ನಮ್ಮ ಶಾಲೆಗಳಿಗೆ ಸಲ್ಲಬೇಕಾದುದು ಏನು ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಸಂಸ್ಥೆಗಳಿಗೇನೂ ಕೊರತೆಯಿಲ್ಲ. 2009ರಲ್ಲಿ ಸ್ಥಾಪನೆಗೊಂಡ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು ಪೆರಿಯದಲ್ಲಿದೆ. ಅದರಲ್ಲಿ ಕನ್ನಡ ವಿಭಾಗವೂ ಇದೆ. ಕಣ್ಣೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನವು ಕಾಸರಗೋಡಿನಲ್ಲೇ ನಡೆಯುತ್ತಿದೆ. ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜುಗಳಿವೆ. ತಲಪಾಡಿ ಗಡಿ ದಾಟಿದರೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಅಲ್ಲಿ ಯಕ್ಷಗಾನಕ್ಕೆಂದೇ ಅಧ್ಯಯನ ಕೇಂದ್ರವಿದೆ.

ವಿಶ್ವವಿದ್ಯಾನಿಲಯವು ತನ್ನ ಸುತ್ತಲಿನ ಜನರ ಬಳಿಗೆ ಬರಬೇಕೆಂದು ಕೇಳುವುದು ಹೊಸ ಬೇಡಿಕೆಯೇನಲ್ಲ. 1930ರ ದಶಕದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ನಾನಾ ವಿಷಯಗಳ ಕುರಿತು ಕನ್ನಡದಲ್ಲಿ ಉಪನ್ಯಾಸ ಮಾಡಿಸಿತು. ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. ಪ್ರಸಾರಾಂಗವೆಂಬ ಮಾತು ಕನ್ನಡಿಗರಿಗೆ ಪರಿಚಿತವಾದುದು ಹೀಗೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ವಿದ್ಯಾರ್ಥಿಗಳನ್ನು ಊರುಗಳ ಶಿಬಿರಗಳಿಗೆ ಕರೆತಂದಿತು. 2014ರ ಉನ್ನತ ಭಾರತ ಅಭಿಯಾನವು ಉನ್ನತ ಶಿಕ್ಷಣ ಸಂಸ್ಥೆಗಳು ಗ್ರಾಮಗಳನ್ನು ದತ್ತು ಪಡೆಯಬೇಕೆಂದಿತು. ಮೌಲ್ಯಾಂಕನ ಮಾಡುವ ನ್ಯಾಕ್ ಸಂಸ್ಥೆಯೂ ವಿಸ್ತರಣಾ ಚಟುವಟಿಕೆಗಳನ್ನು ಪರಿಗಣಿಸುತ್ತದೆ. ಆದುದರಿಂದ ಊರಿಗೆ ಬರುವುದು ವಿಶ್ವವಿದ್ಯಾನಿಲಯದ ಔದಾರ್ಯವಲ್ಲ, ಕರ್ತವ್ಯ.

ತೊಡಕಿರುವುದು ಬರುವ ರೀತಿಯಲ್ಲಿ. ನಾವು ಕಂಡ ಒಂದು ಕಾರ್ಯಾಗಾರದ ಚಿತ್ರವಿದು: ಬೆಳಗ್ಗೆ ಉದ್ಘಾಟನೆ ತಡವಾಯಿತು. ಸಂಪನ್ಮೂಲ ವ್ಯಕ್ತಿಗಳು ಸಜ್ಜನರು, ನುರಿತವರು. ಆದರೆ ವಿವರಣೆಯೆಲ್ಲ ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕನ್ನಡ ತರಗತಿಯ ಮಕ್ಕಳು ಪಕ್ಕದವರ ಮುಖ ನೋಡಿ ಚಪ್ಪಾಳೆ ತಟ್ಟಿದರು. ಸಂಜೆ ಪ್ರಮಾಣಪತ್ರ ವಿತರಣೆ, ಛಾಯಾಚಿತ್ರ, ವಂದನಾರ್ಪಣೆ. ಮರುದಿನ ಶಾಲೆಯಲ್ಲಿ ಉಳಿದದ್ದು ಬ್ಯಾನರು ಮಾತ್ರ. ಯಾರಿಗೂ ದುರುದ್ದೇಶವಿರಲಿಲ್ಲ, ಮಕ್ಕಳ ಭಾಷೆ ಯಾವುದೆಂದು ಮೊದಲೇ ಕೇಳಿ ತಿಳಿಯಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೆ. ನಾವೂ ಹೇಳಲಿಲ್ಲ.

ಭಾಷೆಯ ಈ ಮಾತನ್ನು ನಾವು ಹಟಕ್ಕಾಗಿ ಆಡುತ್ತಿಲ್ಲ. ನಮ್ಮ ಕನ್ನಡ ಶಾಲೆಗಳ ಮಕ್ಕಳಲ್ಲಿ ಅನೇಕರ ಮನೆಮಾತು ತುಳು. ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮಾತನಾಡುವ ಮನೆಗಳೂ ಇವೆ. ಗ್ರಾಂಥಿಕ ಕನ್ನಡವು ಈ ಮಕ್ಕಳಿಗೆ ದೊರೆಯುವುದು ಶಾಲೆಯಲ್ಲಿ ಮತ್ತು ರಂಗಸ್ಥಳದಲ್ಲಿ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಭಾಗವತರ ಪದ್ಯಕ್ಕೆ ವೇಷಧಾರಿಯು ಅರ್ಥ ಹೇಳಬೇಕು, ಎದುರಾಳಿಗೆ ಅಲ್ಲಿಯೇ ಉತ್ತರ ಕೊಡಬೇಕು. ಇಂಗ್ಲಿಷ್ ಪದ ನುಸುಳಿದರೆ ಸಭೆಯೇ ನಗುತ್ತದೆ. ಹತ್ತು ವರ್ಷದ ಬಾಲಕಿ ತಪ್ಪಿಲ್ಲದ ಕನ್ನಡದಲ್ಲಿ ವಾದ ಮಾಡಲು ಕಲಿಯುವ ಇಂತಹ ಪಾಠ ಬೇರಾವ ತರಗತಿಯಲ್ಲಿದೆ? ಕನ್ನಡ ಅರಿಯದ ಶಿಕ್ಷಕರ ನೇಮಕದ ವಿರುದ್ಧ ನಮ್ಮ ಹೆತ್ತವರು ಮತ್ತೆ ಮತ್ತೆ ದನಿಯೆತ್ತಬೇಕಾಗಿ ಬಂದಿರುವ ಈ ನೆಲದಲ್ಲಿ, ಕಲಾ ಕಾರ್ಯಾಗಾರವೊಂದು ಭಾಷೆಯ ತರಗತಿಯೂ ಆಗಿರುತ್ತದೆ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ರಂಗ ಶಿಬಿರ, ಚಿತ್ರಕಲಾ ಕಾರ್ಯಾಗಾರ, ಸಂಗೀತ ಸಭೆಗಳ ಭಾಷೆಯ ಕುರಿತು ಅದು ಏನನ್ನೂ ಹೇಳುವುದಿಲ್ಲ. ಅಲ್ಲಿ ನಮಗೆ ಬೇಕಾದುದನ್ನು ನಾವೇ ಕೇಳಿ ಪಡೆಯಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ವಿಶ್ವವಿದ್ಯಾನಿಲಯವು ಕಲೆಯನ್ನು ಊರಿಗೆ ತರುತ್ತದೆ ಎನ್ನುವಾಗ ಊರಿನಲ್ಲಿ ಕಲೆಯೇ ಇಲ್ಲವೆಂಬ ಭಾವ ಬರಬಾರದು. ಇದು ರಾಮಾಯಣದ ಪ್ರಸಂಗಗಳಿಂದ ಹೆಸರಾದ ಪಾರ್ತಿಸುಬ್ಬನ ಕುಂಬಳೆ ಸೀಮೆ; ತೆಂಕುತಿಟ್ಟಿನ ತವರು. ತಾಳಮದ್ದಳೆಯ ಕೂಟಗಳು ಇಲ್ಲಿ ಇಂದಿಗೂ ನಡೆಯುತ್ತಿವೆ. ಪದವಿಯಿಲ್ಲದ, ಆದರೆ ನೂರಾರು ಪದ್ಯ ಕಂಠಸ್ಥವಿರುವ ಹಿರಿಯ ಭಾಗವತರನ್ನು ಗೌರವಧನ ಕೊಟ್ಟು ಗುರುಗಳನ್ನಾಗಿ ಕರೆಯುವ ಕಾರ್ಯಾಗಾರವು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೂ ಲಾಭದಾಯಕ. ಅವರ ಹಾಡಿಕೆಯನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯ ಪ್ರತಿಯನ್ನು ಶಾಲೆಗೆ ಕೊಡುವುದು ಹೆಚ್ಚು ಖರ್ಚಿನ ಕೆಲಸವಲ್ಲ.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದಾಗಿ, ಒಂದು ದಿನದ ಸಮಾರಂಭಕ್ಕೆ ಬದಲಾಗಿ ವರ್ಷಕ್ಕೆ ಹತ್ತಾರು ಶನಿವಾರಗಳ ತರಗತಿ. ಎರಡನೆಯದಾಗಿ, ಕನ್ನಡದಲ್ಲಿ ವಿವರಣೆ. ಬರುವವರಿಗೆ ಕನ್ನಡ ಬಾರದಿದ್ದರೆ ಕನ್ನಡ ವಿಭಾಗದ ವಿದ್ಯಾರ್ಥಿಯೊಬ್ಬರು ಜತೆಯಲ್ಲಿದ್ದು ಹೇಳಿಕೊಡಲಿ. ಮೂರನೆಯದಾಗಿ, ಶಾಲೆಯ ಒಬ್ಬಿಬ್ಬರು ಶಿಕ್ಷಕರಿಗೂ ತರಬೇತಿ. ಶಿಬಿರ ಮುಗಿದ ಮೇಲೆ ಕಲಿಕೆ ಮುಂದುವರಿಯುವುದು ಅವರಿಂದಲೇ. ಕೊನೆಯದಾಗಿ, ವರ್ಷಕ್ಕೊಮ್ಮೆ ಮಕ್ಕಳನ್ನು ವಿಶ್ವವಿದ್ಯಾನಿಲಯದ ಆವರಣಕ್ಕೆ ಕರೆದೊಯ್ದು, ಅಲ್ಲಿನ ವೇದಿಕೆಯಲ್ಲಿ ಅವರ ಪ್ರಸಂಗವನ್ನು ಆಡಿಸುವುದು.

ಈ ಕೊನೆಯ ಮಾತಿಗೆ ವಿಶೇಷ ಮಹತ್ವವಿದೆ. ಒಂದನೆಯ ತರಗತಿಗೆ ಮಗುವನ್ನು ಸೇರಿಸುವಾಗ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೇನು? ಭಾಷಣಗಳಿಂದ ಈ ಆತಂಕ ನೀಗುವುದಿಲ್ಲ. ಕನ್ನಡದಲ್ಲಿ ಎಂ.ಎ. ಓದುತ್ತಿರುವ, ಸಂಶೋಧನೆ ನಡೆಸುತ್ತಿರುವ ನಮ್ಮದೇ ಊರಿನ ಅಕ್ಕ ಅಣ್ಣಂದಿರನ್ನು ಮಗು ಕಣ್ಣಾರೆ ಕಂಡರೆ, ತಾಯಿಯೂ ಜತೆಯಲ್ಲಿದ್ದು ಕಂಡರೆ, ಆ ಪ್ರಶ್ನೆಗೆ ಒಂದು ಉತ್ತರವಾದರೂ ಸಿಕ್ಕೀತು.

ನಮ್ಮ ರಕ್ಷಕ-ಶಿಕ್ಷಕ ಸಂಘಗಳು ಮುಂದಿನ ಸಭೆಯಲ್ಲಿಯೇ ಇದನ್ನು ಚರ್ಚಿಸಿ, ಮುಖ್ಯೋಪಾಧ್ಯಾಯರ ಮೂಲಕ ಲಿಖಿತ ಮನವಿ ಸಲ್ಲಿಸಲಿ. ನೆರೆಯ ನಾಲ್ಕೈದು ಶಾಲೆಗಳು ಒಟ್ಟಾಗಿ ಸಲ್ಲಿಸಿದರೆ ಅದಕ್ಕೆ ತೂಕ ಹೆಚ್ಚು. ಮನವಿಯಲ್ಲಿ ಮಕ್ಕಳ ಸಂಖ್ಯೆ, ತರಗತಿ, ಬೇಕಾದ ಕಲೆ, ಅನುಕೂಲದ ದಿನ ಎಲ್ಲವೂ ಸ್ಪಷ್ಟವಾಗಿರಲಿ. ಕಾರ್ಯಕ್ರಮದ ಭಾಷೆ ಕನ್ನಡವಾಗಿರಬೇಕೆಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯೋಣ.