ಓದಲಾಗದ ಎಚ್ಚರಿಕೆ

ಕುಂಸಿಯಂಥ ಊರಿನಲ್ಲೂ ಇಂದು ಕಾರ್ಡಿನ ಅಂಕೆಗಳನ್ನು ಒತ್ತಿದರೆ ಸರಕು ಮನೆಬಾಗಿಲಿಗೆ ಬರುತ್ತದೆ. ಅದೇ ಅಂಕೆಗಳು ಕಳ್ಳನಿಗೆ ಸಿಕ್ಕರೆ ಸರಕು ಅವನ ಮನೆಗೆ ಹೋಗುತ್ತದೆ. ಇದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಆನ್‌ಲೈನ್ ಖರೀದಿಗೆ, ಕಾರ್ಡಿನ ಮೇಲೆ ಕಾಣದ ಮತ್ತೊಂದು ದೃಢೀಕರಣವನ್ನು ಕಡ್ಡಾಯಗೊಳಿಸಿತು. ಓಟಿಪಿ ಬಳಕೆಗೆ ಬಂದದ್ದು ಹೀಗೆ. ವಂಚಕರಾದರೋ ಬೀಗ ಒಡೆಯುವುದನ್ನು ಬಿಟ್ಟು ಮನೆಯವರಿಂದಲೇ ಕೀಲಿಕೈ ಕೇಳಿ ಪಡೆಯತೊಡಗಿದರು.

ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಎಚ್ಚರಿಸುತ್ತವೆ, ನಿಜ. ಆದರೆ ಹೆಚ್ಚಿನವರಿಗೆ ಆ ಸಂದೇಶ ಬರುವುದು ಇಂಗ್ಲಿಷಿನಲ್ಲಿ! ಮನೆಯಲ್ಲಿ ಉರ್ದು ಮಾತನಾಡುವ, ಕನ್ನಡವಷ್ಟೇ ಓದಬಲ್ಲ ವೃದ್ಧೆಗೆ ಅದರಿಂದೇನು ಪ್ರಯೋಜನ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಅವರ ನಿರ್ಲಕ್ಷ್ಯದ ಲೆಕ್ಕಕ್ಕೆ ಬರೆಯಿತು. ಓದಲು ಬಾರದ ಭಾಷೆಯಲ್ಲಿ ಎಚ್ಚರಿಸಿ ಬಳಿಕ ನಿರ್ಲಕ್ಷ್ಯವೆನ್ನುವುದನ್ನು ನಾವು ನ್ಯಾಯವೆಂದು ಒಪ್ಪಲಾರೆವು. ಗ್ರಾಹಕರ ಭಾಷೆಯಲ್ಲೇ ಎಚ್ಚರಿಸುವಂತೆ ಬ್ಯಾಂಕುಗಳನ್ನು ಒತ್ತಾಯಿಸಬೇಕಾಗಿದೆ.

ಅಲ್ಲಿಯವರೆಗೆ ಸಮುದಾಯ ಕೈಕಟ್ಟಿ ಕೂರಬೇಕಿಲ್ಲ. ಸಾಲಪತ್ರ ಬರೆಸಲು ಅಶಕ್ತನಾದವನ ಪರವಾಗಿ ಅವನ ಪೋಷಕನು ನ್ಯಾಯೋಚಿತವಾಗಿ ಬರೆಸಬೇಕೆಂದು ಪವಿತ್ರ ಕುರ್‌ಆನ್ (ಅಲ್‌ಬಕರ: 282) ಆದೇಶಿಸುತ್ತದೆ. ಇಂದು ಆ ಹೊಣೆ ಓದುಬಲ್ಲ ಮಕ್ಕಳದು. 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ಹೊಸ ಕಾರ್ಡಿನಲ್ಲಿ ಆನ್‌ಲೈನ್ ಖರೀದಿಯ ಸೌಲಭ್ಯ ಗ್ರಾಹಕರು ಕೇಳದೆ ತೆರೆಯಬಾರದು. ಎಟಿಎಂಗೆ ಮಾತ್ರ ಬಳಸುವ ತಾಯಿಯ ಕಾರ್ಡಿನಲ್ಲಿ ಅದು ಮುಚ್ಚಿದೆಯೇ ಎಂದು ಮಕ್ಕಳು ನೋಡಲಿ. ಹಣ ಹೋಯಿತೆಂದಾದರೆ ಗದರುವುದು ಬೇಡ. ಗದರಿಕೆಗೆ ಹೆದರಿ ಆಕೆ ಎರಡು ದಿನ ಸುಮ್ಮನಿದ್ದರೆ ಹಣ ಕೈಗೆಟುಕದಷ್ಟು ದೂರ ಹೋಗಿರುತ್ತದೆ. ತಕ್ಷಣ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಕನ್ನಡ, ಉರ್ದು ಎರಡರಲ್ಲೂ ಬರೆದಿಡಲು ಜಮಾಅತ್‌ಗೆ ಹೆಚ್ಚಿನ ಖರ್ಚೇನೂ ಇಲ್ಲ.