ಕೋವಿಯೂ ಲೇತೂ

ಪೀಣ್ಯದ ಕಾರ್ಖಾನೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ 'ರೆಟ್ರೋಫಿಟ್' ಎಂಬುದು ದಿನಬಳಕೆಯ ಪದ. ಹಳೆಯ ಲೇತಿನ ಗಟ್ಟಿಮುಟ್ಟಾದ ಎರಕದ ಬೆಡ್ ಅನ್ನು ಉಳಿಸಿಕೊಂಡು, ಅದಕ್ಕೆ ಬಾಲ್ ಸ್ಕ್ರೂ, ಸರ್ವೋ ಮೋಟಾರು, ಸಿಎನ್‌ಸಿ ಕಂಟ್ರೋಲರುಗಳನ್ನು ಜೋಡಿಸುವ ಕೆಲಸವದು. ಈ ಜಾಣತನ ಇಂದಿನದಲ್ಲ. ಹಳೆಯ ಕೋವಿಯೊಂದರ ಇತಿಹಾಸದಲ್ಲಿ ಇದನ್ನು ಕಾಣಬಹುದು. ಅದರಲ್ಲಿ ನಮಗೊಂದು ಪಾಠವೂ ಇದೆ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ನಮ್ಮ ಮಲೆನಾಡಿನವರು ಹೇಳುವ 'ಕೇಪಿನ ಕೋವಿ'ಯ ಜಾತಿಗೆ ಸೇರಿದುದು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನು ಗಜದಿಂದ ತುರುಕಿ, ಕೊನೆಗೆ ಪುಟ್ಟ ಕೇಪನ್ನು ಇರಿಸಿದ ಮೇಲಷ್ಟೇ ಅದು ಹಾರಿಸಲು ಸಿದ್ಧ. ಆ ತೋಟಾಕ್ಕೆ ಹಸು, ಹಂದಿಗಳ ಕೊಬ್ಬು ಸವರಿದೆಯೆಂಬ ಶಂಕೆ 1857ರ ದಂಗೆಗೆ ಕಿಡಿಯಾದುದನ್ನು ನೀವು ತರಗತಿಯಲ್ಲಿಯೇ ಓದಿದ್ದೀರಿ.

1866ರಲ್ಲಿ ಬ್ರಿಟಿಷ್ ಸೈನ್ಯವು ಅಮೆರಿಕದ ಜೇಕಬ್ ಸ್ನೈಡರ್‌ನ ಉಪಾಯವನ್ನು ಒಪ್ಪಿಕೊಂಡಿತು. ನಳಿಗೆಯ ಹಿಂತುದಿಯನ್ನು ಕತ್ತರಿಸಿ, ಪಕ್ಕಕ್ಕೆ ತೆರೆದುಕೊಳ್ಳುವ ಮುಚ್ಚಳವೊಂದನ್ನು ಕೂಡಿಸಲಾಯಿತು. ಲೋಹದ ತೋಟಾವನ್ನು ಹಿಂದಿನಿಂದಲೇ ಇಟ್ಟರೆ ಸಾಕು. ಕಚ್ಚುವ ಪ್ರಮೇಯವೇ ಇಲ್ಲ. ಮರದ ಹಿಡಿ, ಸುತ್ತಿಗೆ, ಕುದುರೆ ಎಲ್ಲವೂ ಹಳೆಯವೇ. ನಿಮಿಷಕ್ಕೆ ಮೂರು ಸಲ ಹಾರುತ್ತಿದ್ದ ಕೋವಿ ಸುಮಾರು ಹತ್ತು ಸಲ ಹಾರತೊಡಗಿತು.

ಕಚ್ಚುವ ತೋಟಾದ ತೊಡಕು ಹೀಗೆ ಒಂಬತ್ತೇ ವರ್ಷಗಳಲ್ಲಿ ನೀಗಿತು. ಆದರೆ ಸಿಪಾಯಿಯ ಮೇಲಿನ ಅಪನಂಬಿಕೆ ನೀಗಲಿಲ್ಲ. 1868ರ ಅಬಿಸೀನಿಯಾ ದಂಡಯಾತ್ರೆಗೆ ನಮ್ಮ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ತುಕಡಿಗಳೂ ಹೋಗಿದ್ದವು. ಅಲ್ಲಿನ ಅರೋಗಿ ಕದನದಲ್ಲಿ ಬ್ರಿಟಿಷ್ ಸೈನಿಕರ ಕೈಯಲ್ಲಿ ಸ್ನೈಡರ್ ಇತ್ತು. ಅವರ ಜೊತೆಗೇ ಹೋರಾಡಿದ ಪಂಜಾಬಿನ ಪಯೋನಿಯರ್ ಸೈನಿಕರಿಗೆ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಯೇ ಗತಿಯಾಗಿತ್ತು. ಬ್ರಿಟಿಷರಿಗೆ 1871ರ ಮಾದರಿಯ ಮಾರ್ಟಿನಿ-ಹೆನ್ರಿ ರೈಫಲ್ ದೊರೆಯತೊಡಗಿದ ಬಳಿಕವೇ ಸ್ನೈಡರ್ ಭಾರತೀಯರಿಗೆ ಇಳಿದು ಬಂದಿತು. ಕೋವಿಯನ್ನು ತಿದ್ದಿದವರು ತಮ್ಮ ಮನಸ್ಸನ್ನು ತಿದ್ದಿಕೊಳ್ಳಲಿಲ್ಲ.

ಇಂದಿನ ಕಾರ್ಖಾನೆಗಳ ವಿಷಯದಲ್ಲಿ ನನ್ನ ಆಕ್ಷೇಪವೂ ಇದೇ. ಲೇತಿನ ಹಳೆಯ ಮೈಯನ್ನು ನಂಬುವ ಮಾಲೀಕರು, ಅದರ ಮುಂದೆ ಮೂವತ್ತು ವರ್ಷ ನಿಂತ ಟರ್ನರನನ್ನು ಏಕೆ ನಂಬಬಾರದು? ಯಂತ್ರಕ್ಕೆ ಹೊಸ ಮಿದುಳು ತೊಡಿಸಿದ ದಿನವೇ ಅವನಿಗೆ ಮನೆಯ ದಾರಿ ತೋರಿಸುವುದು ನ್ಯಾಯವಲ್ಲ, ಜಾಣತನವೂ ಅಲ್ಲ. ಆರ್ಡರು ತಡವಾದರೆ ಸಣ್ಣ ಉದ್ಯಮಿ ಉಳಿಯಲಾರ, ಐವತ್ತರ ಮನುಷ್ಯನಿಗೆ ಪ್ರೋಗ್ರಾಮು ಕಲಿಸುತ್ತ ಕೂರಲು ಪುರುಸೊತ್ತಿಲ್ಲ ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಸ್ನೈಡರ್ ಹಿಡಿದ ಸೈನಿಕನು ಗುರಿಯಿಡುವುದನ್ನು ಮೊದಲಿನಿಂದ ಕಲಿಯಬೇಕಾಗಿರಲಿಲ್ಲ. ತೋಟಾ ತುಂಬುವ ಹೊಸ ವಿಧಾನವನ್ನಷ್ಟೇ ಕಲಿತನು. ನಮ್ಮ ಟರ್ನರನೂ ಹಾಗೆಯೇ. ಲೋಹದ ಗುಣ, ಡ್ರಾಯಿಂಗು, ವೇಗ, ಕಟ್ಟಿನ ಆಳ ಇವೆಲ್ಲ ಅವನಿಗೆ ಕರಗತ. ಟೂಲು ಮೊಂಡಾದುದನ್ನು ಸದ್ದಿನಿಂದಲೇ ಗುರುತಿಸಬಲ್ಲ. ಅವನು ಕಲಿಯಬೇಕಾದುದು ಕಂಟ್ರೋಲರಿನ ಭಾಷೆ ಮಾತ್ರ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಮಾಲೀಕರು, ಹಲವರು ಸೂಪರ್‌ವೈಸರುಗಳು. ಮುಂದಿನ ರೆಟ್ರೋಫಿಟ್‌ನ ಅಂದಾಜುಪಟ್ಟಿಯಲ್ಲಿ ಮೋಟಾರು, ಕೇಬಲ್ಲುಗಳ ಕೆಳಗೆ ಟರ್ನರನ ತರಬೇತಿಯ ಖರ್ಚನ್ನೂ ಒಂದು ಸಾಲಾಗಿ ಬರೆಯಿರಿ ಎಂಬುದು ನಿಮ್ಮ ಮೇಷ್ಟರ ಕೋರಿಕೆ.