ಕೇಸ್ ಶೀಟೇ ಬಾಯಿ ಬಿಡದಿದ್ದರೆ ಆಡಿಟ್ ಏನು ಹೇಳೀತು?

ಬಾಣಂತಿಯರ ಸಾವನ್ನು ತಗ್ಗಿಸಿದ ರಾಜ್ಯಗಳ ಮಾತು ಬಂದಾಗ ಕೇರಳದ ಬೆನ್ನಿಗೇ ತಮಿಳುನಾಡಿನ ಹೆಸರು ಬರುತ್ತದೆ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ ಭಾರತದಲ್ಲಿ 97, ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54 ತಾಯಂದಿರು ತೀರಿಕೊಂಡಿದ್ದರು. ಪ್ರತಿ ಸಾವನ್ನೂ ಬಿಡಿಬಿಡಿಯಾಗಿ ಪರಿಶೀಲಿಸುವ ಪದ್ಧತಿಯನ್ನು ತಮಿಳುನಾಡು 1990ರ ದಶಕದಲ್ಲೇ ಆರಂಭಿಸಿತು. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಾರ್ಗಸೂಚಿ ಹೊರಡಿಸಿದ್ದು 2010ರಲ್ಲಿ. ಹಾಗಾಗಿ ಸಾವಿನ ದಾಖಲೆಯ ಗುಣಮಟ್ಟದ ಪ್ರಶ್ನೆಯನ್ನು ಹಿಂದುಳಿದ ಜಿಲ್ಲೆಗಳಿಗಿಂತ ಮೊದಲು ಕೊಯಮತ್ತೂರು, ತಿರುಪ್ಪೂರುಗಳಂಥ ಮುಂದುವರಿದ ಜಿಲ್ಲೆಗಳಲ್ಲೇ ಕೇಳಬೇಕು. ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿರುವ ಸೀಮೆ ಅದು. ಅಲ್ಲಿನ ಪ್ರಶ್ನೆ ನಮಗೆ ಹೊರಗಿನದೂ ಅಲ್ಲ. ನನ್ನ ವಾದ ಇಷ್ಟೇ: ಸತ್ತವರನ್ನು ಎಣಿಸಲು ನಾವು ಕಲಿತಿದ್ದೇವೆ, ಅವರ ಕೊನೆಯ ಗಂಟೆಗಳನ್ನು ನಂಬುವಂತೆ ಬರೆದಿಡಲು ಇನ್ನೂ ಕಲಿತಿಲ್ಲ.

ಆಸ್ಪತ್ರೆಯಲ್ಲಿ ಸಾವಾದರೆ 24 ಗಂಟೆಯೊಳಗೆ ವರದಿಯಾಗಬೇಕು, ನೋಡಲ್ ಅಧಿಕಾರಿ ನಮೂನೆ ತುಂಬಬೇಕು, ಜಿಲ್ಲಾ ಸಮಿತಿ ಚರ್ಚಿಸಬೇಕು. ಕ್ರಮ ಚೆನ್ನಾಗಿದೆ. ಆದರೆ ಆ ನಮೂನೆಗೆ ಆಧಾರ ಕೇಸ್ ಶೀಟ್, ಅಂದರೆ ರೋಗಿಯ ಚಿಕಿತ್ಸೆಯ ದಾಖಲೆ. ಬಿಪಿ ಎಷ್ಟು ಹೊತ್ತಿಗೆ ಇಳಿಯಿತು, ಎಷ್ಟು ರಕ್ತ ಹೋಯಿತು, ಹಿರಿಯ ವೈದ್ಯರಿಗೆ ಯಾವಾಗ ಕರೆ ಹೋಯಿತು, ಅವರು ಯಾವಾಗ ಬಂದರು, ರಕ್ತದ ಬಾಟಲಿ ಯಾವಾಗ ಕೈಗೆ ಸಿಕ್ಕಿತು ಎಂಬುದಕ್ಕೆಲ್ಲ ಗಂಟೆ ನಿಮಿಷ ಇರಬೇಕು. ಹೆರಿಗೆ ನೋವಿನ ಜೊತೆಜೊತೆಗೇ ತುಂಬಬೇಕಾದ ಪಾರ್ಟೋಗ್ರಾಫನ್ನು (ಹೆರಿಗೆಯ ಪ್ರಗತಿಯ ನಕ್ಷೆಯನ್ನು) ಎಲ್ಲ ಮುಗಿದ ಮೇಲೆ ಒಂದೇ ಕೂತಲ್ಲಿ ತುಂಬುವ ರೂಢಿ ವೈದ್ಯಲೋಕಕ್ಕೆ ಹೊಸದಲ್ಲ. ಹಾಗೆ ತುಂಬಿದ ಹಾಳೆ ನೋಡಲು ಅಚ್ಚುಕಟ್ಟಾಗಿರುತ್ತದೆ, ತಡವಾದದ್ದೆಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕೊಯಮತ್ತೂರು–ತಿರುಪ್ಪೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಕೊಯಮತ್ತೂರು ವೈದ್ಯಕೀಯ ಕಾಲೇಜು ಆಸ್ಪತ್ರೆಯೋ ಸುತ್ತಲಿನ ಜಿಲ್ಲೆಗಳಿಗೆಲ್ಲ ದೊಡ್ಡಾಸ್ಪತ್ರೆ. ತಿರುಪ್ಪೂರು ಜಿಲ್ಲೆಯ ಪಲ್ಲಡಂನಿಂದಲೋ ಧಾರಾಪುರದಿಂದಲೋ ಕೈಮೀರಿದ ಸ್ಥಿತಿಯಲ್ಲಿ ಬಂದ ಹೆಂಗಸು ಅಲ್ಲಿ ತೀರಿಕೊಂಡರೆ ಸಾವು ಬರೆದುಕೊಳ್ಳುವುದು ಕೊಯಮತ್ತೂರಿನಲ್ಲಿ. ಎಡವಟ್ಟಾಗಿದ್ದರೆ ಅದರ ಸುಳಿವು ಇರುವುದು ಮೊದಲ ಆಸ್ಪತ್ರೆಯಲ್ಲಿ. ಎರಡಕ್ಕೂ ನಡುವೆ ಕೊಂಡಿ ಎಂದರೆ ಒಂದು ರೆಫರಲ್ ಚೀಟಿ. ಅದರಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಷ್ಟೇ ಇದ್ದರೆ ಸಮಿತಿ ಯಾವ ತೀರ್ಮಾನಕ್ಕೆ ಬಂದೀತು? ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರಗಳಿಂದ ಬಂದ ಹೆಣ್ಣುಮಕ್ಕಳದು ಇನ್ನೂ ಕಷ್ಟ. ಹೆರಿಗೆಯಾಗಿ 42 ದಿನದೊಳಗಿನ ಸಾವೂ ತಾಯಿ ಮರಣವೇ. ಆ ಅವಧಿಯಲ್ಲಿ ಊರಿಗೆ ಮರಳಿದವಳ ಚಿಕಿತ್ಸೆಯ ಕಾಗದ ಒಂದು ರಾಜ್ಯದಲ್ಲಿ, ಸಾವು ಮತ್ತೊಂದರಲ್ಲಿ.

ಕರ್ನಾಟಕ ಇಂಥ ದಾಖಲೆಯ ಬೆಲೆಯನ್ನು ಬಳ್ಳಾರಿಯಲ್ಲಿ ಕಂಡಿದೆ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಇಂಥ ಅನುಮಾನವನ್ನು ರುಜುವಾತು ಮಾಡಲು ಯಾರ ಮೈಗೆ ಯಾವ ಬ್ಯಾಚಿನ ಬಾಟಲಿ ಹೋಯಿತು ಎಂಬ ಬರಹ ಬೇಕು. ಆಮೇಲೆ ಸರ್ಕಾರ ನಡೆಸಿದ ಆಡಿಟ್, ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗೆ ಇಡೀ ರಾಜ್ಯದಲ್ಲಾದ 464 ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದಿತು. ಅಷ್ಟು ಭಾರದ ಮಾತು ಹೇಳುವ ವರದಿಯ ಕೆಳಗಿನ ಕಾಗದಗಳು ಗಟ್ಟಿಯಾಗಿರಲೇಬೇಕು.

ವೈದ್ಯರು ಎತ್ತುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ರಕ್ತ ಸುರಿಯುವಾಗ ಜೀವ ಉಳಿಸಬೇಕೋ, ಬರೆಯುತ್ತ ಕೂರಬೇಕೋ? ಆದರೆ ಅಳೆಯುವುದೂ ಚಿಕಿತ್ಸೆಯ ಭಾಗವೇ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆಯಿತು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳತೆಗೆರೆಯಿದ್ದ ಚೀಲದಲ್ಲಿ ಹಿಡಿದು, ಮಿತಿ ದಾಟಿದ ಕೂಡಲೇ ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟ ಕಡೆ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ 60ರಷ್ಟು ಇಳಿದವು. ರಾತ್ರಿ ಪಾಳಿಯಲ್ಲಿ ಬರೆಯಲು ಕೈಯಿಲ್ಲ ಎಂದರೆ ಅದು ಸಿಬ್ಬಂದಿಯ ಕೊರತೆ. ಪ್ರಾಮಾಣಿಕ ದಾಖಲೆಯೇ ಅದಕ್ಕೆ ಸಾಕ್ಷಿ.

ಎರಡನೆಯದು ಭಯ: ಇದ್ದದ್ದನ್ನು ಇದ್ದಂತೆ ಬರೆದರೆ ಕೇಸು, ಹಲ್ಲೆ. ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಘೋರ ನಿರ್ಲಕ್ಷ್ಯವೇ ಆಗಿರಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆ ರಕ್ಷಣೆ ಇರಲಿ. ಬ್ರಿಟನ್ 1952ರಿಂದ, ಕೇರಳದ ಪ್ರಸೂತಿ ತಜ್ಞರ ಸಂಘ 2004ರಿಂದ ಹೆಸರು ಮರೆಮಾಡಿ ಪರಿಶೀಲನೆ ನಡೆಸುತ್ತಿವೆ, ಕಲಿತದ್ದನ್ನು ಪ್ರಕಟಿಸುತ್ತಿವೆ. ಗೋಪ್ಯತೆ ವ್ಯಕ್ತಿಯ ಹೆಸರಿಗೆ ಸಲ್ಲಬೇಕು, ಪಾಠಕ್ಕೆ ಸಲ್ಲಬಾರದು.

ಹಾಗಾದರೆ ಮಾಡಬೇಕಾದದ್ದೇನು? ಸಾವು ಘೋಷಿಸಿದ ಗಂಟೆಯೊಳಗೆ ಕೇಸ್ ಶೀಟಿನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಜಿಲ್ಲಾ ಸಮಿತಿಗೆ ಕಳಿಸಬೇಕು. ಆಮೇಲೆ ಸೇರಿಸುವುದಿದ್ದರೆ ಹೊಸ ಹಾಳೆ, ಹೊಸ ಸಮಯ, ಹೊಸ ಸಹಿ. ರೆಫರ್ ಮಾಡಿದ ಆಸ್ಪತ್ರೆಯ ದಾಖಲೆಯೂ, ಖಾಸಗಿಯದಾದರೂ, ಅದೇ ದಿನ ಬರಬೇಕು. ಕೇಳಿದ 72 ಗಂಟೆಯೊಳಗೆ ರೋಗಿಯ ಕಡೆಯವರಿಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಮಂಡಳಿಯ 2002ರ ನಿಯಮ, ಬಾಣಂತಿ ಸತ್ತ ಮನೆಗೆ ಕೇಳದೆಯೇ ಅನ್ವಯವಾಗಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದೊಂದು ಆದೇಶ ಹೊರಡಿಸಿದರೆ ಸಾಕು.